ಕೊನೆಯ ಐದು ಮೀಟರ್ ಕನ್ನಡದ್ದು

ನಮ್ಮ ಮನೆಗಳಲ್ಲಿ ಮಕ್ಕಳ ಜೊತೆ ನಾವು ಆಡುವ ಕನ್ನಡವನ್ನು ಒಂದು ದಿನದ ಮಟ್ಟಿಗೆ ಚೀಟಿಯಲ್ಲಿ ಬರೆದಿಟ್ಟುಕೊಂಡು ನೋಡಿ. ಏಳು, ಹಲ್ಲುಜ್ಜು, ಹಾಲು ಕುಡಿ, ಶೂ ಹಾಕ್ಕೋ, ಬೇಗ ಬಾ, ಹೋಮ್‌ವರ್ಕ್ ಆಯ್ತಾ, ಕೈ ತೊಳ್ಕೊಂಡ್ಯಾ, ಐಪ್ಯಾಡ್ ಇಡು, ಮಲಕ್ಕೋ. ಹೆಚ್ಚುಪಾಲು ಆಜ್ಞೆ, ಉಳಿದದ್ದು ವಿಚಾರಣೆ. ಇಂಥ ಕನ್ನಡಕ್ಕೆ ಮಗು ಮಾತಿನಲ್ಲಿ ಉತ್ತರ ಕೊಡಬೇಕೆಂದೇನಿಲ್ಲ. ಕೈಕಾಲು ಆಡಿಸಿದರೆ ಸಾಕು, ಹೆಚ್ಚೆಂದರೆ ಒಂದು 'ಓಕೆ'. ಅಡುಗೆಮನೆ, ಬಚ್ಚಲು, ಕಾರಿನ ಹಿಂದಿನ ಸೀಟು ಬಿಟ್ಟರೆ ಹೊರಗಿನ ಲೋಕದಲ್ಲಿ ಆ ಭಾಷೆಗೆ ಕೆಲಸವೇ ಇಲ್ಲ. ಮರ ಹತ್ತುವುದು, ಕಲ್ಲೆತ್ತಿ ನೋಡುವುದು, ಜಗಳ ಆಡುವುದು, ಗುಟ್ಟು ಹೇಳುವುದು ಎಲ್ಲವೂ ಇಂಗ್ಲಿಷಿನಲ್ಲೇ.

ವಾರವಿಡೀ ಪ್ರಯೋಗಾಲಯದಲ್ಲಿ ಜೀವಕೋಶಗಳ ಜೊತೆ ಕಾಲ ಕಳೆಯುವವಳು ನಾನು. ಭಾಷಾವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರುಮಾಡಿದ ವರ್ಷ, ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಕಡೆಯ ಪ್ರಬಂಧಗಳನ್ನು ಓದಿದೆ. ಅನ್ನಿಕ್ ಡಿ ಹೌವರ್ ಎಂಬ ಸಂಶೋಧಕಿ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ, ಮನೆಯಲ್ಲಿ ಡಚ್ಚಿನ ಜೊತೆಗೋ ಅದರ ಬದಲಿಗೋ ಬೇರೆ ಭಾಷೆ ಆಡುವ 1,899 ಕುಟುಂಬಗಳ ವಿವರ ತೆಗೆದು 2007ರಲ್ಲಿ ಪ್ರಕಟಿಸಿದರು. ಸುಮಾರು ಕಾಲು ಭಾಗದಷ್ಟು ಮನೆಗಳಲ್ಲಿ ಮಕ್ಕಳು ಆ ಭಾಷೆಯನ್ನು ಆಡುತ್ತಲೇ ಇರಲಿಲ್ಲ. ಕಿವಿಗೆ ಬಿದ್ದ ಮಾತ್ರಕ್ಕೆ ಬಾಯಿಗೆ ಬರುವುದಿಲ್ಲ ಎಂದಾಯಿತು. ನಮ್ಮ ಪಕ್ಕದಲ್ಲೇ, ಬರ್ಕ್ಲಿಯ ಲಿಲಿ ವಾಂಗ್ ಫಿಲ್ಮೋರ್ 1991ರಲ್ಲಿ ಬರೆದದ್ದು ಇನ್ನೂ ಕಷ್ಟಕ್ಕೆ ಹಚ್ಚುವಂಥದ್ದು. ಮನೆಮಾತು ಹೋದಾಗ ಹೋಗುವುದು ಪದಗಳಷ್ಟೇ ಅಲ್ಲ, ಹಿರಿಯರು ಮಗುವಿಗೆ ಬುದ್ಧಿ ಹೇಳುವ, ಸಮಾಧಾನ ಮಾಡುವ, ತಮ್ಮ ಬದುಕನ್ನು ಹೇಳಿಕೊಳ್ಳುವ ದಾರಿಯೂ ಮುಚ್ಚುತ್ತದೆ ಎಂಬುದು ಅವರ ಮಾತಿನ ಸಾರ. ಸಾಗರದಲ್ಲಿರುವ ನಮ್ಮ ಅತ್ತೆ ಪ್ರತಿ ಭಾನುವಾರ ವಿಡಿಯೊ ಕರೆಯಲ್ಲಿ ಮೊಮ್ಮಗಳನ್ನು 'ಊಟ ಆಯ್ತಾ ಪುಟ್ಟಿ' ಎಂದು ಕೇಳಿ, 'ಆಯ್ತು' ಎಂದ ಮೇಲೆ ಇಬ್ಬರೂ ಪರದೆಯನ್ನು ನೋಡುತ್ತಾ ಸುಮ್ಮನೆ ಕೂರುತ್ತಿದ್ದರು. ಫಿಲ್ಮೋರ್ ಅವರ ಪ್ರಬಂಧಕ್ಕೆ ನಮ್ಮ ಮನೆಯ ಚಿತ್ರ ಅದು.

ಇದಕ್ಕೆ ತಜ್ಞರು ಹೇಳುವ ಒಂದು ಉಪಾಯ ನಿಮಗೂ ಗೊತ್ತಿರಬಹುದು. ಮಗು ಇಂಗ್ಲಿಷಿನಲ್ಲಿ ಹೇಳಿದರೆ ಅರ್ಥವಾಗದವರಂತೆ 'ಏನಂದೆ?' ಎಂದು ಕೇಳುವುದು. ನಾರ್ವೆಯ ದ್ವಿಭಾಷಾ ಮಕ್ಕಳನ್ನು ಅಭ್ಯಾಸ ಮಾಡಿದ ಎಲಿಜಬೆತ್ ಲಾಂಝಾ ಇಂಥ ತಂತ್ರಗಳನ್ನೆಲ್ಲ ವರ್ಗೀಕರಿಸಿದ್ದಾರೆ. ಎರಡು ವರ್ಷದ ಮಗುವಿನ ಹತ್ತಿರ ಅದು ನಡೆದೀತು. ಎಂಟು ವರ್ಷದವಳು ನನ್ನ ಮುಖ ನೋಡಿ ನಗುತ್ತಾಳೆ. ಅಮ್ಮ ದಿನಕ್ಕೆ ನಾಲ್ಕು ಜೂಮ್ ಮೀಟಿಂಗ್ ಇಂಗ್ಲಿಷಿನಲ್ಲಿ ಮಾಡುವುದನ್ನು ಅವಳು ಪಕ್ಕದ ಕೋಣೆಯಿಂದ ಕೇಳಿರುತ್ತಾಳೆ. ನಟನೆ ಸಾಲದು. ನಿಜವಾಗಿಯೂ ಇಂಗ್ಲಿಷ್ ಬಾರದ ಯಾರಾದರೂ, ಅಥವಾ ಏನಾದರೂ, ಅವಳ ಮತ್ತು ಅವಳಿಗೆ ಬೇಕಾದ ವಸ್ತುವಿನ ನಡುವೆ ನಿಲ್ಲಬೇಕು.

ನಮ್ಮ ಮಟ್ಟಿಗೆ ಹಾಗೆ ನಿಂತದ್ದು ಒಂದು ಪ್ಲಾಸ್ಟಿಕ್ ಡಬ್ಬಿ.

ಜಿಯೋಕ್ಯಾಶಿಂಗ್ ಎಂಬ ಆಟವನ್ನು ಕೆಲವರಾದರೂ ಕೇಳಿರುತ್ತೀರಿ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶ ಹೇಳುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಒಂದು ಸಣ್ಣ ವಸ್ತು ತೆಗೆದುಕೊಂಡರೆ ಇನ್ನೊಂದನ್ನು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಬಿಟ್ಟು ಬರಬೇಕು. ಇದರ ಹುಟ್ಟು ಸರ್ಕಾರದ ಒಂದು ತೀರ್ಮಾನದಿಂದ ಆದದ್ದು ಎಂಬುದು ನನಗೆ ಇಷ್ಟವಾದ ಸಂಗತಿ. ಅಮೆರಿಕದ ಸೇನೆ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಸುಮಾರು 100 ಮೀಟರ್ ಆಚೀಚೆ ಆಗುತ್ತಿತ್ತು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸುವುದಾಗಿ ಘೋಷಿಸಿದರು. ಮೇ 3ರಂದು ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಸ್ಥಳದ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಡಬ್ಬಿ ಬೀನ್ಸ್ ಎಲ್ಲ ಅದರಲ್ಲಿತ್ತಂತೆ. ಮೂರು ದಿನದೊಳಗೆ ಇಬ್ಬರು ಹುಡುಕಿಬಿಟ್ಟರು.

ಇದಕ್ಕಿಂತ ಹಳೆಯದು ಲೆಟರ್‌ಬಾಕ್ಸಿಂಗ್. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಒಬ್ಬ ಮಾರ್ಗದರ್ಶಿ, ಕಷ್ಟಪಟ್ಟು ಬಂದವರು ತಮ್ಮ ಕಾರ್ಡು ಬಿಟ್ಟುಹೋಗಲೆಂದು ಒಂದು ಬಾಟಲಿ ಇಟ್ಟದ್ದರಿಂದ ಬೆಳೆದ ಆಟ ಅದು. ಅಲ್ಲಿ ಜಿಪಿಎಸ್ ಇಲ್ಲ, ಮಾತಿನ ಸುಳಿವು ಮಾತ್ರ. ಈಗ ಡಬ್ಬಿಯೊಳಗೆ ಒಂದು ರಬ್ಬರ್ ಮುದ್ರೆ ಇರುತ್ತದೆ, ಸಿಕ್ಕಿದವರು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳುತ್ತಾರೆ. ಮೂರನೆಯದು ಸ್ಟೋರಿವಾಕ್. ವರ್ಮಾಂಟಿನ ಮಾಂಟ್‌ಪೀಲಿಯರ್ ಊರಿನಲ್ಲಿ ಆ್ಯನ್ ಫರ್ಗುಸನ್ ಎಂಬವರು 2007ರಲ್ಲಿ ಅಲ್ಲಿನ ಕೆಲಾಗ್-ಹಬರ್ಡ್ ಗ್ರಂಥಾಲಯದ ಜೊತೆ ಶುರುಮಾಡಿದ್ದು. ಚಿತ್ರಪುಸ್ತಕದ ಹಾಳೆಗಳನ್ನು ಬಿಡಿಸಿ, ಲ್ಯಾಮಿನೇಟ್ ಮಾಡಿ, ಕಾಲುದಾರಿಯುದ್ದಕ್ಕೂ ಗೂಟಗಳ ಮೇಲೆ ನಿಲ್ಲಿಸುತ್ತಾರೆ. ಮುಂದಿನ ಪುಟ ಬೇಕೆಂದರೆ ಮುಂದಕ್ಕೆ ನಡೆಯಬೇಕು.

ಈ ಮೂರನ್ನೂ ಬೆರೆಸಿ ನಾಲ್ಕು ಕನ್ನಡ ಮನೆಗಳವರು ನಾವು ಒಂದು ಆಟ ಮಾಡಿಕೊಂಡೆವು. ಕಥೆ ಕನ್ನಡದ್ದು, ಸುಳಿವು ಕನ್ನಡದ್ದು, ಜಾಗ ನಮ್ಮ ಪಕ್ಕದ ಪಾರ್ಕು. ಇಲ್ಲಿ ಒಂದು ತಾಂತ್ರಿಕ ಅನುಕೂಲವಿದೆ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನಷ್ಟು ಹತ್ತಿರಕ್ಕೆ ತಂದು ಬಿಡುತ್ತದೆ, ಮರದ ನೆರಳಿನಲ್ಲಿ ಅಷ್ಟೂ ಇಲ್ಲ. ಫೋನು 'ಬಂದಿರಿ' ಎನ್ನುತ್ತದೆ, ಡಬ್ಬಿ ಮಾತ್ರ ಕಾಣುವುದಿಲ್ಲ. ಆ ಕೊನೆಯ ಐದು ಮೀಟರ್ ದಾಟಿಸಬೇಕಾದದ್ದು ಚೀಟಿಯಲ್ಲಿರುವ ವಾಕ್ಯ. ಕೂತು ಹುಡುಕುವುದೋ, ಬಗ್ಗಿ ಹುಡುಕುವುದೋ, ಮರದ ಯಾವ ಮಗ್ಗುಲಿಗೆ ಹೋಗುವುದೋ ಅದೊಂದೇ ಹೇಳಬಲ್ಲದು. ಮತ್ತು ಆ ವಾಕ್ಯಕ್ಕೆ ಇಂಗ್ಲಿಷ್ ಬರುವುದಿಲ್ಲ.

ಸುಳಿವು ಬರೆಯಲು ಕೂತಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮಕ್ಕಳಿಗೆ ಗೊತ್ತಿರುವ ಕನ್ನಡದಲ್ಲಿ ಜಾಗ ಹೇಳುವ ಪದಗಳು ಇಲ್ಲವೇ ಇಲ್ಲ ಎನ್ನಬಹುದು. ಎಲ್ಲದಕ್ಕೂ ಒಂದೇ 'ಅಲ್ಲಿ'. ಬುಡ, ಬೊಡ್ಡೆ, ಸಂದು, ತಿರುವು, ಏರು, ಇಳುಕಲು, ಮಗ್ಗುಲು, ಹಿಂಬದಿ, ಅಂಚು, ಆಚೆ ದಡ, ನಡುವೆ, ಒಳಮೈ... ಇವೆಲ್ಲ ಊರಿನಲ್ಲಿ ಆಡುತ್ತಾ ಕಲಿಯುವ ಮಾತುಗಳು. ಊಟದ ಮೇಜಿನ ಮುಂದೆ ಇವುಗಳಿಗೆ ಸಂದರ್ಭವೇ ಒದಗುವುದಿಲ್ಲ. ಹುಡುಕುವ ಆಟದಲ್ಲಿ ಇವು ಬಿಟ್ಟರೆ ಬೇರೆ ಪದವೇ ಬೇಡ.

ಹೀಗಾಗಿ ಸುಳಿವು ಬರೆಯುವ ಕೆಲಸವನ್ನು ಅತ್ತೆಗೆ ಒಪ್ಪಿಸಿದೆವು. ಪಾರ್ಕಿನ ಫೋಟೊಗಳನ್ನು ಕಳಿಸಿ, ಡಬ್ಬಿ ಎಲ್ಲಿಡುತ್ತೇವೆಂದು ತೋರಿಸಿದರೆ ಅವರು ತಮ್ಮ ಕೈಬರಹದಲ್ಲಿ ಬರೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಮೊದಲ ಚೀಟಿಯಲ್ಲೇ ಇದ್ದದ್ದು: ನೀರಿಗೆ ಬೆನ್ನು ಮಾಡಿ ನಿಲ್ಲು, ಬಲಗಡೆ ಮೂರನೇ ಮರದ ಪೊಟರೆಯಲ್ಲಿ ನೋಡು. ಮಗಳು ಕೂಡಿಸಿ ಕೂಡಿಸಿ ಓದಿ, ಪೊಟರೆ ಎಂಬಲ್ಲಿ ನಿಂತಳು. ಬರೆದವರನ್ನೇ ಕೇಳು ಎಂದು ಫೋನ್ ಕೈಗೆ ಕೊಟ್ಟೆ. ಇಲ್ಲಿ ಬೆಳಿಗ್ಗೆ ಒಂಬತ್ತು, ಅಲ್ಲಿ ರಾತ್ರಿ ಒಂಬತ್ತೂವರೆ. ಅತ್ತೆ ಇದಕ್ಕಾಗಿಯೇ ಎಚ್ಚರವಿದ್ದರು.

'ಅಜ್ಜಿ, ಪೊಟರೆ ಅಂದ್ರೆ ಏನು?'

'ಗಿಳಿ ಮೊಟ್ಟೆ ಎಲ್ಲಿ ಇಡತ್ತೆ ಪುಟ್ಟಿ?'

'ನೆಸ್ಟಲ್ಲಿ.'

'ಗೂಡಲ್ಲ ಕಣೇ. ಮರದ ಒಳಗೆ.'

'ಓ! ಮರದ ಹೋಲ್!'

'ಹೋಲೋ ಗೀಲೋ ನಂಗೊತ್ತಿಲ್ಲ. ಕೈ ಹಾಕೋ ಮುಂಚೆ ಒಂದು ಕೋಲು ಹಾಕಿ ನೋಡು. ಹಾವಿದ್ದೀತು.'

ಅತ್ತೆಗೆ 'ಹೋಲ್' ನಿಜಕ್ಕೂ ಗೊತ್ತಿಲ್ಲ. ಹಾವಿನ ಎಚ್ಚರಿಕೆಯೂ ನಿಜವೇ, ಇಲ್ಲಿನ ಗುಡ್ಡಗಳಲ್ಲಿ ರ್‍ಯಾಟಲ್ ಹಾವುಗಳಿವೆ. ಆ ಒಂದು ನಿಮಿಷದಲ್ಲಿ ಅವಳು ಆಡಿದ ಕನ್ನಡ ಹೆಚ್ಚೇನಲ್ಲ, ನಾಲ್ಕಾರು ಪದ. ಆದರೆ ಕರೆ ಮಾಡಿದ್ದು ಅವಳು, ಪ್ರಶ್ನೆ ಕೇಳಿದ್ದು ಅವಳು. ಅಜ್ಜಿಯಿಂದ ಅವಳಿಗೆ ಏನೋ ಬೇಕಾಗಿತ್ತು. ಆಮೇಲೆ ಎಷ್ಟೋ ಸಲ ವಾರದ ಮಧ್ಯೆಯೂ 'ಅಜ್ಜಿ, ಮುಂದಿನ ಚೀಟಿ ಬರೆದ್ರಾ' ಎಂದು ತಾನೇ ಫೋನ್ ಮಾಡಿದ್ದಾಳೆ.

ಜಾಗದ ಅಂಕಿಗಳನ್ನೂ ಕನ್ನಡ ಅಂಕಿಗಳಲ್ಲೇ ಬರೆಯುತ್ತೇವೆ. ಉತ್ತರ ೩೭ ಡಿಗ್ರಿ, ಪಶ್ಚಿಮ ೧೨೨ ಡಿಗ್ರಿ, ಮುಂದೆ ನಿಮಿಷಗಳು, ದಶಾಂಶ ಬಿಂದುವಿನ ನಂತರ ಮೂರು ಸ್ಥಾನ. ಮಕ್ಕಳು ಓದಿ ಫೋನಿಗೆ ಒತ್ತಬೇಕು. ೬ ಮತ್ತು ೯ ಅದಲುಬದಲಾಗುವುದು ಖಂಡಿತ. ಅದರ ಬೆಲೆ ಎಷ್ಟೆಂದು ನೆಲದ ಮೇಲೆ ಕಾಣುತ್ತದೆ ಎಂಬುದೇ ಮಜಾ. ಅಕ್ಷಾಂಶದ ಒಂದು ನಿಮಿಷ ಎಂದರೆ 1,852 ಮೀಟರ್. ದಶಾಂಶದ ಮೊದಲ ಸ್ಥಾನದಲ್ಲಿ ೬ರ ಬದಲು ೯ ಓದಿದರೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುತ್ತೀರಿ, ಮೂರನೇ ಸ್ಥಾನದಲ್ಲಾದರೆ ಐದೂವರೆ ಮೀಟರ್. ನಮ್ಮ ಗುಂಪಿನ ಹತ್ತು ವರ್ಷದ ಹುಡುಗನೊಬ್ಬ ಒಮ್ಮೆ ಎಲ್ಲರನ್ನೂ ಪಾರ್ಕಿನಿಂದ ಹೊರಗೆ, ಒಂದು ಡೆಂಟಲ್ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದ. ಅಲ್ಲಿಂದೀಚೆಗೆ ಅವನ ೯ರ ಬಾಲ ತಪ್ಪಿಲ್ಲ.

ಡಬ್ಬಿಯೊಳಗೆ ಆ ಕಥೆಯ ಒಂದು ಪುಟ ಮತ್ತು ಒಂದು ಮುದ್ರೆ. ಮುದ್ರೆಗೆ ಶಾಲೆಯ ಎರೇಸರ್ ಸಾಕು, ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊರೆಯಬೇಕು. ಬ್ಲೇಡಿನ ಕೆಲಸ ದೊಡ್ಡವರದು. 'ಪುಣ್ಯಕೋಟಿ'ಗೆ ನಾಲ್ಕು ಎರೇಸರ್: ಪು, ಣ್ಯ, ಕೋ, ಟಿ. ಒತ್ತಕ್ಷರ ಏಕೆ ಬೇರೆ ಡಬ್ಬಿಯಲ್ಲಿಲ್ಲ, ಣ ಮತ್ತು ಯ ಏಕೆ ಒಂದೇ ಮುದ್ರೆ ಎಂಬ ಪ್ರಶ್ನೆ ಅಲ್ಲೇ ಹುಲ್ಲಿನ ಮೇಲೆ ಬಂತು. ಉತ್ತರ ಕನ್ನಡಶಾಲೆಯ ಹಲಗೆಗಿಂತ ಚುರುಕಾಗಿ ತಲೆಗೆ ಹೋಯಿತು. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಿಂದ ಇದೆ, ವಾರಾಂತ್ಯದ ಕನ್ನಡ ತರಗತಿಗಳೂ ನಮ್ಮಲ್ಲಿ ಚೆನ್ನಾಗಿ ನಡೆಯುತ್ತವೆ. ಅಕ್ಷರ ಅಲ್ಲಿ ಕಲಿಯುತ್ತಾರೆ. ಕಲಿತ ಅಕ್ಷರಕ್ಕೆ ಶನಿವಾರ ಬೆಳಿಗ್ಗೆ ಒಂದು ಕೆಲಸ ಕೊಡುವುದು ನಮ್ಮ ಪಾಲಿನದು.

ಪುಣ್ಯಕೋಟಿಯ ಕಥೆಗೆ ಬೇ ಏರಿಯಾದಷ್ಟು ಒಪ್ಪುವ ಜಾಗ ಕರ್ನಾಟಕದ ಹೊರಗೆ ಇದ್ದೀತೇ ಎಂದು ನನಗೆ ಅನುಮಾನ. ಫ್ರೀಮಾಂಟಿನ ಮಿಷನ್ ಪೀಕ್, ಸುನೋಲ್ ಗುಡ್ಡಗಳಲ್ಲಿ ದನ ಮೇಯುವುದನ್ನು ನೀವೇ ನೋಡಿರುತ್ತೀರಿ. ಕಾಡಿನಲ್ಲಿ ಮೌಂಟನ್ ಲಯನ್ ಇದೆ. ನಾವು ಆರಿಸಿಕೊಂಡದ್ದು ಕುಪರ್ಟಿನೋ ಪಕ್ಕದ ರಾಂಚೊ ಸ್ಯಾನ್ ಅಂಟೋನಿಯೊ. ಪಾರ್ಕಿಂಗಿನಿಂದ ಸುಮಾರು ಒಂದು ಮೈಲಿ ನಡೆದರೆ ಡಿಯರ್ ಹಾಲೋ ಫಾರ್ಮ್, ಅಲ್ಲಿ ಹಸು, ಆಡು, ಕುರಿ, ಹಂದಿ, ಕೋಳಿ. ಅಲ್ಲಿ ಡಬ್ಬಿ ಬಚ್ಚಿಡುವುದು ಬೇಡವೆಂದು, ಅಪ್ಪಂದಿರು ತಲಾ ಒಂದು ಡಬ್ಬಿ ಜೇಬಿನಲ್ಲಿಟ್ಟುಕೊಂಡು ಹಾದಿಯಲ್ಲಿ ನಿಂತರು. ಚೀಟಿ ಓದಿ ಸರಿಯಾದ ಜಾಗಕ್ಕೆ ಬಂದು, ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಹೇಳಿದರೆ ಡಬ್ಬಿ ತೆರೆಯುತ್ತದೆ.

ಮೊದಲ ನಿಲ್ದಾಣ ಪರ್ಮನೆಂಟೆ ತೊರೆಯ ಹತ್ತಿರ. ಗೊಲ್ಲ ತನ್ನ ಹಸುಗಳನ್ನು ನದಿಗಳ ಹೆಸರು ಹಿಡಿದು ಕರೆಯುತ್ತಾನಲ್ಲ, ಹಾಗೆ ಇಲ್ಲಿನ ಹೊಳೆಗಳ ಹೆಸರಿನಿಂದ ಹಸು ಕರೆಯಬೇಕು. 'ಬಾರೇ ಗ್ವಾಡಲೂಪೆ' ಎಂದು ಐದು ವರ್ಷದ ಮಗ ಕೂಗಿದ್ದನ್ನು ಕೇಳಿ ಓಡುತ್ತಿದ್ದವರೊಬ್ಬರು ನಿಂತು ನೋಡಿದರು. ಎರಡನೆಯದು ಮೌಂಟನ್ ಲಯನ್ ಬಗ್ಗೆ ಎಚ್ಚರಿಸುವ ಫಲಕ, ಅದೇ ನಮ್ಮ ಅರ್ಬುತನ ಗುಹೆ. ಎದುರಾದರೆ ಓಡಬೇಡಿ, ನೆಟ್ಟಗೆ ನಿಲ್ಲಿ, ದೊಡ್ಡದಾಗಿ ಕಾಣಿಸಿಕೊಳ್ಳಿ, ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಿ ಎಂಬುದು ಅಲ್ಲಿ ಕೊಡುವ ಸಲಹೆ. ಅದನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದಾಗ ಮಗಳು, 'ಪುಣ್ಯಕೋಟಿನೂ ಓಡಲಿಲ್ಲ' ಎಂದಳು. ಮೂರನೆಯದು ಫಾರ್ಮಿನ ಕೊಟ್ಟಿಗೆ, ಕರುವಿನ ಬೀಳ್ಕೊಡುಗೆ. ನಾಲ್ಕನೆಯ ಚೀಟಿಯಲ್ಲಿ ಅತ್ತೆ ಬರೆದದ್ದು ಒಂದೇ ಸಾಲು: ಮಾತು ಕೊಟ್ಟಲ್ಲಿಗೆ ತಿರುಗಿ ಹೋಗು. ಮಕ್ಕಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಲಿಯ ಫಲಕಕ್ಕೆ ವಾಪಸ್ ಹೋಗಬೇಕು, ಬಂದಷ್ಟೇ ದೂರ ನಡೆದು. ಕಥೆಯನ್ನು ಎಷ್ಟೋ ಸಲ ಮಲಗುವಾಗ ಹೇಳಿದ್ದೇನೆ, ಆ ವಾಪಸ್ ದಾರಿ ಹಸುವಿಗೆ ಎಷ್ಟು ಉದ್ದವಾಗಿತ್ತೆಂದು ಅವರ ಕಾಲಿಗೆ ತಿಳಿದದ್ದು ಅವತ್ತು. ಒಬ್ಬಳು ಬರುವುದಿಲ್ಲವೆಂದು ಕೂತೇಬಿಟ್ಟಳು. ಕಾರು ಇರುವುದೂ ಆ ಕಡೆಗೇ ಎಂದು ಅವರಪ್ಪ ನೆನಪಿಸಬೇಕಾಯಿತು.

ಕೊನೆಯಲ್ಲಿ ಹುಲಿ ಸಾಯುವುದರ ಬಗ್ಗೆ ದೊಡ್ಡ ಚರ್ಚೆಯಾಯಿತು. 'ಹುಲಿ ಡೀರ್ ತಿನ್ನಬೋದಿತ್ತು' ಎಂಬುದು ಮಗನ ತೀರ್ಪು. ಇಲ್ಲಿನ ಮೌಂಟನ್ ಲಯನ್‌ಗಳು ಮುಖ್ಯವಾಗಿ ತಿನ್ನುವುದು ಜಿಂಕೆಯನ್ನೇ, ಆದ್ದರಿಂದ ವಿಜ್ಞಾನದ ದೃಷ್ಟಿಯಿಂದ ಅವನ ಮಾತು ಸರಿ. 'ಡೀರ್' ಎಂದದ್ದನ್ನು ನಾನು ತಿದ್ದಲಿಲ್ಲ. ವಾದ ಮಾಡುತ್ತಿರುವ ಮಗುವಿನ ಬಾಯಿಂದ ಒಂದು ಇಂಗ್ಲಿಷ್ ಪದ ಬಂದರೆ ತಡೆಯಬಾರದು, ವಾದ ನಿಂತುಬಿಡುತ್ತದೆ.

ಫಾರ್ಮಿನ ಬೇಲಿಯ ಗೇಟಿನ ಹತ್ತಿರ ದೊಡ್ಡವರಲ್ಲೂ ಒಂದು ಜಗಳ. ಚೀಟಿಯಲ್ಲಿ ಅತ್ತೆ 'ದಣಪೆ' ಎಂದು ಬರೆದಿದ್ದರು. ತೀರ್ಥಹಳ್ಳಿಯ ಗೆಳೆಯರು ಅದು ಉಣುಗೋಲು ಎಂದರು. ಪುತ್ತೂರಿನವರು ತಡಮೆ ಎಂದರು. ಮೈಸೂರಿನವರಿಗೆ ಮೂರೂ ಗೊತ್ತಿರಲಿಲ್ಲ, ಗೇಟು ಅಂದರೆ ಏನು ಕಷ್ಟ ಎಂದರು. ಅಪ್ಪ ಅಮ್ಮಂದಿರು ಕನ್ನಡದ ಒಂದು ಪದಕ್ಕಾಗಿ ಇಷ್ಟು ಜೋರಾಗಿ ವಾದಿಸುವುದನ್ನು ಮಕ್ಕಳು ಹಿಂದೆಂದೂ ಕಂಡಿರಲಿಲ್ಲವೆನ್ನಿಸುತ್ತದೆ, ಬಾಯಿ ತೆರೆದು ನೋಡುತ್ತಿದ್ದರು.

ನೀವೂ ಮಾಡುವುದಾದರೆ ಕೆಲವು ಮಾತು. ಅನುಮತಿಯ ನಿಯಮ ಒಂದೊಂದು ಕಡೆ ಒಂದೊಂದು ಥರ. ಗೋಲ್ಡನ್ ಗೇಟ್ ರಾಷ್ಟ್ರೀಯ ಮನರಂಜನಾ ಪ್ರದೇಶದಂಥ ಕೇಂದ್ರ ಸರ್ಕಾರದ ಜಾಗಗಳಲ್ಲಿ ಅನುಮತಿಯಿಲ್ಲದೆ ಡಬ್ಬಿ ಇಡುವಂತಿಲ್ಲ. ಊರಿನ ಪಾರ್ಕು, ಕೌಂಟಿ ಪಾರ್ಕು, ಓಪನ್ ಸ್ಪೇಸ್ ಎಲ್ಲಕ್ಕೂ ಬೇರೆ ಬೇರೆ ಕಚೇರಿಗಳಿವೆ, ಮೊದಲೇ ಕೇಳಿಕೊಳ್ಳಿ. ಇಟ್ಟದ್ದನ್ನು ಅವತ್ತೇ ತೆಗೆದುಕೊಂಡು ಬನ್ನಿ. ನೆಲ ಅಗೆಯಬೇಡಿ. ಡಬ್ಬಿ ಪಾರದರ್ಶಕವಾಗಿರಲಿ, ಮೇಲೆ ಇಂಗ್ಲಿಷಿನಲ್ಲಿ 'ಮಕ್ಕಳ ಆಟ' ಎಂದು ಬರೆದಿರಲಿ. ಅನುಮಾನಾಸ್ಪದ ವಸ್ತುವೆಂದು ಪೊಲೀಸರನ್ನು ಕರೆಸಿದ ಜಿಯೋಕ್ಯಾಶ್‌ಗಳ ಕಥೆ ಬೇಕಾದಷ್ಟಿವೆ. ಒಳಗೆ ಚಕ್ಕುಲಿ, ಚಾಕೊಲೇಟ್ ಬೇಡ, ಅಳಿಲು ಮತ್ತು ರಕೂನ್ ನಿಮಗಿಂತ ಮುಂಚೆ ಬರುತ್ತವೆ.

ಪಾಯ್ಸನ್ ಓಕ್ ಗಿಡವನ್ನು ಮಕ್ಕಳಿಗೆ ಮೊದಲೇ ತೋರಿಸಿ, ಮೂರು ಮೂರು ಎಲೆಯ ಗೊಂಚಲು. ಹೆಸರಿನಲ್ಲಿ ಓಕ್ ಇದ್ದರೂ ಅದು ಗೇರು, ಮಾವುಗಳ ಕುಟುಂಬದ ಗಿಡ. ಗೇರುಬೀಜದ ಸೊನೆ ಕೈಸುಟ್ಟ ನೆನಪಿರುವ ಕರಾವಳಿಯವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಳೆ ಬಿದ್ದ ಮೇಲೆ ಜನವರಿಯಿಂದ ಏಪ್ರಿಲ್‌ವರೆಗೆ ಗುಡ್ಡಗಳು ಮಲೆನಾಡಿನಂತೆ ಹಸಿರಾಗಿರುತ್ತವೆ, ಉಣ್ಣೆಹುಳುಗಳೂ ಆಗಲೇ. ಮನೆಗೆ ಬಂದು ಕಾಲುಚೀಲ ಬಿಚ್ಚಿ ನೋಡಿ.

ಕಥೆ ಎಲ್ಲಿಂದ ತರುವುದು? ಚಿತ್ರಪುಸ್ತಕದ ಪುಟಗಳನ್ನು ನಕಲು ಮಾಡಿ ಹಂಚಿದರೆ ಕೃತಿಸ್ವಾಮ್ಯದ ತೊಡಕಿದೆ. ಸ್ಟೋರಿವಾಕ್‌ನವರು ಅಸಲಿ ಪುಸ್ತಕದ ಎರಡು ಪ್ರತಿ ಕೊಂಡು ಹಾಳೆ ಬಿಡಿಸುವುದು ಅದಕ್ಕೇ. ಎರಡೇಕೆಂದರೆ, ಹಾಳೆಯ ಎರಡೂ ಬದಿ ಕಾಣಬೇಕಲ್ಲ. ನಮಗೆ ಸುಲಭದ ದಾರಿ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್. ಅಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ, ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಬರೆದವರು, ಚಿತ್ರಕಾರರು, ಅನುವಾದಕರ ಹೆಸರು ಹಾಕಿ ಮುದ್ರಿಸಿಕೊಳ್ಳಬಹುದು. ಗೋವಿನ ಹಾಡು ಜನಪದದ್ದು, ಕಥೆಯನ್ನು ನಿಮ್ಮ ಮಾತಿನಲ್ಲಿ ಬರೆದು ಚಿತ್ರವನ್ನು ಮಕ್ಕಳಿಂದಲೇ ಬರೆಸಿ.

ಇನ್ನೂ ಓದಲು ಬಾರದ ಮಕ್ಕಳಿಗೆ ಚೀಟಿಯ ಬದಲು ಅಜ್ಜ ಅಜ್ಜಿಯ ಧ್ವನಿಯನ್ನು ರೆಕಾರ್ಡ್ ಮಾಡಿ ಕೇಳಿಸಬಹುದು. ಹನ್ನೊಂದು ಹನ್ನೆರಡರವರು ಹುಡುಕಲು ಬರುವುದಿಲ್ಲ, ಬಚ್ಚಿಡುವ ಕೆಲಸ ಕೊಟ್ಟರೆ ಬರುತ್ತಾರೆ. ಸುಳಿವನ್ನೂ ಅವರೇ ಬರೆಯಲಿ, ತಪ್ಪು ಬರೆದರೆ ಚಿಕ್ಕವರು ದಾರಿ ತಪ್ಪಿ ಬಂದು ಬೈಯುತ್ತಾರೆ, ನಾವು ತಿದ್ದಬೇಕಾಗಿಲ್ಲ. ಇದರಿಂದ ಮಕ್ಕಳ ಕನ್ನಡ ಎಷ್ಟು ಸುಧಾರಿಸಿತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಅಂಕಿಅಂಶವಿಲ್ಲ. ನಾಲ್ಕು ಮನೆ, ಏಳು ಮಕ್ಕಳು, ಹೋಲಿಸಲು ಬೇರೆ ಗುಂಪಿಲ್ಲ. ಇಂಥ ಮಾದರಿ ಇಟ್ಟುಕೊಂಡು ಪ್ರಬಂಧ ಬರೆದರೆ ನನ್ನ ಸಹೋದ್ಯೋಗಿಗಳು ಓದದೇ ಹಿಂದಿರುಗಿಸುತ್ತಾರೆ. ಮಗಳು ಮೊನ್ನೆ ಸೋಫಾದ ಸಂದಿಯಲ್ಲಿ ಬಿದ್ದ ರಿಮೋಟನ್ನು 'ಪೊಟರೆಯಲ್ಲಿದೆ' ಎಂದಳು, ಅಷ್ಟೇ ನಾನು ಹೇಳಬಲ್ಲದ್ದು.

ಮುಂದಿನದು ಕಿಂದರಿಜೋಗಿ, ಸನಿವೇಲ್‌ನ ಬೇಲ್ಯಾಂಡ್ಸ್ ಪಾರ್ಕಿನಲ್ಲಿ. ಕುವೆಂಪು ಅವರ ಪದ್ಯಕ್ಕೆ ಇನ್ನೂ ಕೃತಿಸ್ವಾಮ್ಯ ಇರುವುದರಿಂದ ಪುಟಗಳನ್ನು ಅಚ್ಚು ಹಾಕದೆ, ಮನೆಯಲ್ಲಿ ಪುಸ್ತಕ ಓದಿಕೊಂಡು ಹೋಗಿ ಅಲ್ಲಿ ಸುಳಿವು ಮಾತ್ರ ಹಂಚುವುದೆಂದು ಮಾತಾಗಿದೆ. ಐದು ಎರೇಸರ್ ಕೊರೆಯಬೇಕು, 'ಕಿಂ' ಎಂಬುದರ ಸೊನ್ನೆ ಯಾವ ಕಡೆ ಬರುತ್ತದೆಂದು ಮಕ್ಕಳು ಕನ್ನಡಿ ಹಿಡಿದು ನೋಡುತ್ತಿದ್ದಾರೆ. ಇಲಿಗಳಾಗಲು ಏಳೂ ಮಕ್ಕಳು ತಯಾರು. ಜೋಗಿ ಯಾರಾಗಬೇಕೆಂದು ಅಪ್ಪಂದಿರಲ್ಲಿ ಇನ್ನೂ ತೀರ್ಮಾನವಾಗಿಲ್ಲ.